ಪುಟ ಕಟ್ಟುವ ಕೆಲಸ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ನಮ್ಮ ಕಾಲೇಜಿನ ವಾಚನಾಲಯದಲ್ಲಿ ಬೆಳಗಿನ ಹೊತ್ತು ಪತ್ರಿಕೆಗಾಗಿ ನಡೆಯುವ ಪೈಪೋಟಿಯನ್ನು ಎಲ್ಲರೂ ಬಲ್ಲರು. ಕೆಲವರು ಕ್ರಿಕೆಟ್ಟಿನ ಪುಟವನ್ನು ಹಿಡಿಯುತ್ತಾರೆ. ಕೆಲವರು ಉದ್ಯೋಗದ ಪ್ರಕಟಣೆಗಳನ್ನು ಹುಡುಕುತ್ತಾರೆ. ಅಧ್ಯಾಪಕರು ಸಂಪಾದಕೀಯವನ್ನು ಓದಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಸುದ್ದಿಯನ್ನು ಬರೆದವರು ಯಾರೆಂದು ಒಮ್ಮೊಮ್ಮೆ ವಿಚಾರಿಸುವುದುಂಟು. ಚಿತ್ರದ ಕೆಳಗಿನ ಹೆಸರನ್ನೂ ನೋಡುವುದುಂಟು. ಆದರೆ ಈ ಸುದ್ದಿಯನ್ನು ಪುಟದ ನೆತ್ತಿಯ ಮೇಲೆ ಕೂಡಿಸಿದವರು ಯಾರು, ಆ ಸುದ್ದಿಯನ್ನು ಕೆಳಗಿನ ಮೂಲೆಗೆ ತಳ್ಳಿದವರು ಯಾರು ಎಂದು ಯಾರಾದರೂ ಕೇಳಿದ್ದನ್ನು ಈ ಮೂರು ವರ್ಷಗಳಲ್ಲಿ ನಾನು ಕಂಡಿಲ್ಲ.

ಹಾಗೆ ಕೂಡಿಸುವವರಲ್ಲಿ, ತಳ್ಳುವವರಲ್ಲಿ ನಾನೂ ಒಬ್ಬಳು. ಎರಡನೆಯ ವರ್ಷದ ಬಿ. ಎ. ತರಗತಿಯಿಂದ ನಮ್ಮ ಊರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಸಂಜೆ ಐದರಿಂದ ಹತ್ತರವರೆಗೆ ಪುಟ ಕಟ್ಟುತ್ತಿದ್ದೇನೆ. ನನ್ನ ಪುಸ್ತಕದ ಖರ್ಚು, ಬಸ್ಸಿನ ಖರ್ಚು ಅದರಿಂದಲೇ ಸಾಗುತ್ತಿವೆ. ಈ ಕೆಲಸವನ್ನು ಕುರಿತು ನನ್ನ ಸಹಪಾಠಿಗಳು, ‘ಟೈಪಿಂಗ್ ಕೆಲಸವೇ?’ ಎಂದು ಕೇಳುತ್ತಾರೆ. ಅಲ್ಲವೆಂದು ಹೇಳಿ ಹೇಳಿ ಸಾಕಾಗಿ, ಅದನ್ನು ಬರೆದೇ ಹೇಳೋಣವೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ. ಪುಟ ಕಟ್ಟುವುದು ಅಲಂಕಾರವಲ್ಲ, ಗುಮಾಸ್ತಗಿರಿಯೂ ಅಲ್ಲ. ಅದು ಒಂದು ತೀರ್ಮಾನ. ಯಾವುದನ್ನು ಮೊದಲು ಓದಬೇಕು, ಯಾವುದನ್ನು ಆಮೇಲೆ ಓದಿದರೂ ನಡೆದೀತು ಎಂಬುದನ್ನು ಸಾವಿರಾರು ಜನರ ಪರವಾಗಿ ಒಬ್ಬರು ನಿರ್ಧರಿಸುತ್ತಾರೆ. ಈ ಕೆಲಸದ ಉಪಕರಣಗಳು ಬದಲಾದುವು, ಅದು ಒಳ್ಳೆಯದೇ. ಆದರೆ ಉಪಕರಣದೊಡನೆ ಅದರ ಹೊಣೆಯನ್ನು ಹಂಚಿಕೊಳ್ಳುತ್ತಿದ್ದ ಜನರನ್ನೂ ಕಳೆದುಕೊಂಡೆವು. ಅದು ಒಳ್ಳೆಯದಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.

ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ನಮ್ಮ ತಂದೆಯವರು ಏಳನೆಯ ತರಗತಿಗೆ ಶಾಲೆ ಬಿಟ್ಟು ಇದೇ ಊರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಸೇರಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲನೆಯವಳು. ಆದರೆ ಅಕ್ಷರವನ್ನು ನಂಬಿ ಬಾಳಿದವರಲ್ಲಿ ಮೊದಲಿಗರು ಅವರು. ಎಡಗೈಯಲ್ಲಿ ಸ್ಟಿಕ್ಕು, ಬಲಗೈಯಿಂದ ಕೇಸಿನ ಮನೆಮನೆಯಿಂದ ಒಂದೊಂದೇ ಮೊಳೆಯನ್ನು ಎತ್ತಿ ಸಾಲು ಜೋಡಿಸಬೇಕು. ಸಾಲುಗಳ ನಡುವೆ ಸೀಸದ ಪಟ್ಟಿ ಇಡಬೇಕು. ಗ್ಯಾಲಿಗೆ ಇಳಿಸಿ ದಾರ ಸುತ್ತಿ ಕರಡು ತೆಗೆಯಬೇಕು. ತಪ್ಪಿದ್ದರೆ ಚಿಮಟದಿಂದ ಆ ಮೊಳೆಯನ್ನು ಕಿತ್ತು ಬೇರೊಂದನ್ನು ಕೂಡಿಸಬೇಕು. ಕೊನೆಗೆ ಪುಟವನ್ನೆಲ್ಲ ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದು ಯಂತ್ರಕ್ಕೆ ಕೊಡಬೇಕು. ಅಚ್ಚಾದ ಮೇಲೆ ಸೀಮೆಎಣ್ಣೆಯಿಂದ ತೊಳೆದು ಮೊಳೆಗಳನ್ನು ಮತ್ತೆ ಅವವುಗಳ ಮನೆಗೆ ಹಂಚಬೇಕು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರಗಳ ಸಂಸಾರ ದೊಡ್ಡದಾದ್ದರಿಂದ ಕೇಸುಗಳೂ ಹೆಚ್ಚು, ತಡಕುವ ಕೆಲಸವೂ ಹೆಚ್ಚು. ಶೀರ್ಷಿಕೆಗೆ ಬೇಕಾದ ದಪ್ಪಕ್ಷರ ಮುಗಿದುಹೋದರೆ ಉಪಸಂಪಾದಕರೇ ಶೀರ್ಷಿಕೆಯ ಪದವನ್ನು ಬದಲಾಯಿಸಿಕೊಡುತ್ತಿದ್ದರಂತೆ. ‘ಸಂಪಾದಕರು ನಮ್ಮ ಮಾತು ಕೇಳುತ್ತಿದ್ದುದು ಆಗ ಮಾತ್ರ’ ಎಂದು ತಂದೆಯವರು ಇಂದಿಗೂ ನಗುತ್ತಾರೆ.

ಈ ಕಸುಬಿನ ಇತಿಹಾಸವನ್ನು ಹಿಂತಿರುಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದರು. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚೆಂದರೆ ಕೈಬರಹವೇ ಅಚ್ಚಿಗೆ ಮೂಲ. ಬರೆಯುವವನ ಕೈಯೇ ಪುಟವನ್ನೂ ಕಟ್ಟುತ್ತಿತ್ತು. ಆಮೇಲೆ ಮೊಳೆಗಳ ಕಾಲ ಬಂದಿತು. ಒಂದು ಕೈ ಇದ್ದ ಕಡೆ ಹತ್ತು ಕೈಗಳಾದುವು. 1886ರಲ್ಲಿ ನ್ಯೂಯಾರ್ಕಿನ ‘ಟ್ರಿಬ್ಯೂನ್’ ಪತ್ರಿಕೆ ಆಟ್‌ಮಾರ್ ಮರ್ಗೆಂತಾಲರನ ಲೈನೋಟೈಪ್ ಯಂತ್ರವನ್ನು ಬಳಕೆಗೆ ತಂದಿತು. ಮೊಳೆಗಳನ್ನು ಒಂದೊಂದಾಗಿ ಹುಡುಕುವ ಬದಲು ಒಂದು ಇಡೀ ಸಾಲನ್ನೇ ಕರಗಿದ ಸೀಸದಲ್ಲಿ ಎರಕ ಹೊಯ್ಯುವ ಯಂತ್ರ ಅದು. ಸುಮಾರು ತೊಂಬತ್ತು ವರ್ಷಗಳ ಕಾಲ ಅದು ಪಶ್ಚಿಮದ ದೊಡ್ಡ ಪತ್ರಿಕೆಗಳನ್ನು ಆಳಿತು. ಅದೇ ಊರಿನ ‘ನ್ಯೂಯಾರ್ಕ್ ಟೈಮ್ಸ್’ 1978ರ ಜುಲೈ ತಿಂಗಳಲ್ಲಿ ಸೀಸಕ್ಕೆ ವಿದಾಯ ಹೇಳಿದಾಗ ಆ ಕೊನೆಯ ರಾತ್ರಿಯನ್ನು ಅಲ್ಲಿಯ ಕರಡು ತಿದ್ದುವವರೊಬ್ಬರೇ ಚಿತ್ರೀಕರಿಸಿದರು. ಸೀಸದ ಪುಟವನ್ನು ತಲೆಕೆಳಗಾಗಿ ಓದುತ್ತ ಕೈಯಿಂದ ಕಟ್ಟುವ ಜನರನ್ನು ಆ ಚಿತ್ರದಲ್ಲಿ ಕಾಣಬಹುದು.

ಸೀಸದ ನಂತರ ಅಂಟಿಸುವ ಕಾಲ. ಅಕ್ಷರಗಳನ್ನು ಬ್ರೋಮೈಡ್ ಕಾಗದದ ಮೇಲೆ ಮೂಡಿಸಿ, ಬ್ಲೇಡಿನಿಂದ ಕತ್ತರಿಸಿ, ದೊಡ್ಡ ಹಾಳೆಯ ಮೇಲೆ ಗೋಂದು ಹಚ್ಚಿ ಕೂಡಿಸಿ, ಆ ಪುಟವನ್ನು ಫಿಲ್ಮಿಗೆ ಇಳಿಸುವುದು. ನಮ್ಮ ತಂದೆಯವರ ಅಚ್ಚುಕೂಟಕ್ಕೆ ಆಫ್‌ಸೆಟ್ ಬಂದಾಗ ಅವರೂ ಕೆಲವು ಕಾಲ ಇದನ್ನು ಮಾಡಿದರು. ಅವರ ಎಡಗೈಯ ಹೆಬ್ಬೆರಳಿನ ಮೇಲೆ ಆ ಬ್ಲೇಡಿನ ಗುರುತು ಈಗಲೂ ಇದೆ. ಆದರೆ ಅಷ್ಟರಲ್ಲೇ ಗಣಕಯಂತ್ರ ದಾರಿಯಲ್ಲಿತ್ತು. 1985ರಲ್ಲಿ ಅಮೆರಿಕದ ಆಲ್ಡಸ್ ಸಂಸ್ಥೆ ‘ಪೇಜ್‌ಮೇಕರ್’ ಎಂಬ ತಂತ್ರಾಂಶವನ್ನು ಹೊರತಂದಿತು. ಹದಿನೈದನೆಯ ಶತಮಾನದಲ್ಲಿ ವೆನಿಸ್ಸಿನಲ್ಲಿ ಅಚ್ಚುಕೂಟ ತೆರೆದ ಆಲ್ಡಸ್ ಮನುಷಿಯಸನ ಹೆಸರನ್ನು ಆ ಸಂಸ್ಥೆ ಇಟ್ಟುಕೊಂಡಿತ್ತು. ಮೇಜಿನ ಮೇಲೆಯೇ ಪುಟ ಕಟ್ಟಿ ಮುದ್ರಿಸುವ ಪದ್ಧತಿ ಅಲ್ಲಿಂದ ಹಬ್ಬಿತು. 1999ರಲ್ಲಿ ‘ಇನ್‌ಡಿಸೈನ್’ ಬಂದಿತು. ಕನ್ನಡದಲ್ಲಿ ಕೆ. ಪಿ. ರಾಯರಂಥವರು ನಮ್ಮ ಲಿಪಿಗೆ ಹೊಂದುವ ಕೀಲಿಮಣೆಯನ್ನು ರೂಪಿಸಿದ್ದರಿಂದ ಊರೂರಿನಲ್ಲಿ ಡಿ. ಟಿ. ಪಿ. ಅಂಗಡಿಗಳಾದುವು. ಮೊಳೆಯ ಕೇಸುಗಳು ಗುಜರಿಗೆ ಹೋದುವು. ಮೊದಲು ಕಲ್ಲಚ್ಚಿನಲ್ಲಿ ಒಂದು ಕೈ. ಆಮೇಲೆ ಹತ್ತು ಕೈ. ಈಗ ಮತ್ತೆ ಒಂದು ಕೈ. ನಾನು ವಿಚಿತ್ರವೆಂದುದು ಇದನ್ನೇ.

ಆ ಹತ್ತು ಕೈಗಳ ಜನ ಏನಾದರು? ಲಂಡನ್ನಿನಲ್ಲಿ 1986ರಲ್ಲಿ ರೂಪರ್ಟ್ ಮರ್ಡೋಕರ ಸಂಸ್ಥೆ ತನ್ನ ಪತ್ರಿಕೆಗಳನ್ನು ವಾಪಿಂಗ್ ಎಂಬಲ್ಲಿಯ ಹೊಸ ಮುದ್ರಣಾಲಯಕ್ಕೆ ಸಾಗಿಸಿದಾಗ ಮುಷ್ಕರ ಹೂಡಿದ ಐದು ಸಾವಿರಕ್ಕೂ ಹೆಚ್ಚು ಕೆಲಸಗಾರರು ನೌಕರಿ ಕಳೆದುಕೊಂಡರು. ವರ್ಷಕ್ಕೂ ಹೆಚ್ಚು ಕಾಲ ಹೋರಾಟ ನಡೆದು, ಕೊನೆಗೆ ಅವರೇ ಸೋತರು. ನಮ್ಮ ಊರಿನಲ್ಲಿ ಮುಷ್ಕರವೂ ಆಗಲಿಲ್ಲ, ಸುದ್ದಿಯೂ ಆಗಲಿಲ್ಲ. ಒಂದು ಯುಗಾದಿಯ ನಂತರ ತಂದೆಯವರ ಅಚ್ಚುಕೂಟ ಬಾಗಿಲು ತೆರೆಯಲಿಲ್ಲ, ಅಷ್ಟೆ. ಅವರು ಈಗ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕದ ಚೀಟಿ ಬರೆಯುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಹಿಂದಿನದನ್ನೆಲ್ಲ ಹೊಗಳುವವಳೆಂದು ಭಾವಿಸಬಾರದು. ಸೀಸ ವಿಷ. ಮಂದ ಬೆಳಕಿನಲ್ಲಿ ಸಣ್ಣಕ್ಷರದ ಮೊಳೆ ಜೋಡಿಸಿ ಜೋಡಿಸಿ ತಂದೆಯವರ ದೃಷ್ಟಿ ನಲವತ್ತಕ್ಕೇ ಮಂಕಾಯಿತು. ಸಂಬಳವೋ, ಕೇಳುವುದೇ ಬೇಡ. ಇನ್ನೊಂದು ಮಾತು. ಆ ಅಚ್ಚುಕೂಟದಲ್ಲಿ ಹೆಂಗಸರು ಇದ್ದುದು ಬೈಂಡಿಂಗಿನ ಮೂಲೆಯಲ್ಲಿ, ಹಾಳೆ ಮಡಿಸುವುದಕ್ಕೆ. ಕೇಸಿನ ಮುಂದೆ ಒಬ್ಬ ಹೆಣ್ಣುಮಗಳೂ ನಿಂತಿರಲಿಲ್ಲ. ಇಂದು ನಾನು ಒಂದು ಕುರ್ಚಿಯಲ್ಲಿ ಕುಳಿತು ನಾಲ್ಕು ಪುಟ ಕಟ್ಟುತ್ತೇನೆಂದರೆ ಅದು ಈ ಗಣಕಯಂತ್ರದ ಉಪಕಾರ. ಸೀಸದ ಕಾಲ ಮರಳಿ ಬರಲೆಂದು ನಾನು ಹೇಗೆ ಬಯಸಲಿ?

ಹಾಗಾದರೆ ನನ್ನ ತಕರಾರು ಏನು? ಅದಕ್ಕೆ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ಕಳೆದ ಬೇಸಗೆಯ ಒಂದು ರಾತ್ರಿ ಪುಟವೆಲ್ಲ ಮುಗಿದಿತ್ತು. ಒಂಬತ್ತೂವರೆಗೆ ಒಂದು ಜಾಹೀರಾತು ಬಂದಿತು. ಎರಡು ಕಾಲಂ ಅಗಲ, ಎಂಟು ಸೆಂಟಿಮೀಟರ್ ಎತ್ತರ. ಜಾಹೀರಾತಿಗೆ ಇಲ್ಲವೆನ್ನುವ ಅಧಿಕಾರ ನನಗಿಲ್ಲ. ಪಕ್ಕದಲ್ಲಿದ್ದ ಒಂದು ಸುದ್ದಿಯ ಬಾಲವನ್ನು ಕತ್ತರಿಸಿ ಜಾಗ ಮಾಡಿದೆ. ಇದಕ್ಕೆ ಹಿಡಿದದ್ದು ಅರ್ಧ ನಿಮಿಷ. ಮರುದಿನ ಬೆಳಿಗ್ಗೆ ತಂದೆಯವರು ಕಾಫಿ ಕುಡಿಯುತ್ತ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ‘ಏನಮ್ಮ, ಕೊಳವೆಬಾವಿಯ ನೀರು ಕುಡಿಯಬಾರದು ಅಂತ ಹಾಕಿದ್ದೀರಿ. ಯಾವ ಊರಿನದು ಅಂತ ಇಲ್ಲವಲ್ಲ?’ ಎಂದರು. ಊರುಗಳ ಹೆಸರು ಕೊನೆಯ ವಾಕ್ಯದಲ್ಲಿತ್ತು. ಆ ವಾಕ್ಯವನ್ನೇ ನಾನು ಕತ್ತರಿಸಿದ್ದೆ.

ನಾನು ಒಡನೆಯೇ ಕಚೇರಿಗೆ ಫೋನು ಮಾಡಿದೆ. ಪಂಚಾಯಿತಿಯವರು ಆ ಊರುಗಳಲ್ಲಿ ಹಿಂದಿನ ದಿನವೇ ಆಟೋದಲ್ಲಿ ಮೈಕು ಕಟ್ಟಿ ಸಾರಿದ್ದರಂತೆ, ಯಾರಿಗೂ ಅಪಾಯವಾಗಲಿಲ್ಲ. ಮರುದಿನ ಹೆಸರುಗಳೊಡನೆ ಸುದ್ದಿ ಮತ್ತೆ ಬಂದಿತು. ಕಚೇರಿಯಲ್ಲಿ ನನ್ನನ್ನು ಯಾರೂ ಬೈಯಲೂ ಇಲ್ಲ. ಆದರೆ ಆ ಎರಡು ದಿನ ನನಗೆ ಊಟ ಸೇರಲಿಲ್ಲ.

ತಂದೆಯವರು ಆಮೇಲೆ ಹೇಳಿದ ಮಾತು ಇದು: ‘ನಮ್ಮ ಕಾಲದಲ್ಲಿ ಬಾಲ ಕತ್ತರಿಸಬೇಕಾದರೆ ಮೊಳೆಗಳನ್ನು ಕೈಯಿಂದ ಎತ್ತಬೇಕಾಗಿತ್ತು. ಎತ್ತಬೇಕಾದರೆ ಓದಬೇಕಾಗಿತ್ತು. ಓದಿ ಅನುಮಾನ ಬಂದರೆ ಪ್ರೂಫು ನೋಡುವವರನ್ನು ಕೇಳಬೇಕಾಗಿತ್ತು. ಈಗ ಕೇಳುವುದಕ್ಕೆ ಯಾರಿದ್ದಾರೆ?’ ಯಾರೂ ಇಲ್ಲ. ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಹುದ್ದೆಯೇ ಇಲ್ಲ. ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ. ಅದನ್ನು ತಿದ್ದುವುದು, ಶೀರ್ಷಿಕೆ ಕೊಡುವುದು, ಚಿತ್ರ ಕತ್ತರಿಸುವುದು, ಪುಟ ಕಟ್ಟುವುದು, ಪಿ. ಡಿ. ಎಫ್. ಮಾಡಿ ಮುದ್ರಣಾಲಯಕ್ಕೆ ಕಳುಹಿಸುವುದು, ಎಲ್ಲವೂ ಒಂದೇ ಕುರ್ಚಿಯ ಕೆಲಸ. ಹಿಂದೆ ಒಂದು ಸುದ್ದಿ ಓದುಗನನ್ನು ಮುಟ್ಟುವ ಮೊದಲು ನಾಲ್ಕು ಜೊತೆ ಕಣ್ಣುಗಳನ್ನು ದಾಟಿ ಬರುತ್ತಿತ್ತು. ಆ ನಿಧಾನವನ್ನು ನಾವು ಅಡ್ಡಿಯೆಂದು ತಿಳಿದೆವು. ಅದರೊಳಗೆ ಒಂದು ಕಾವಲಿತ್ತೆಂದು ತಿಳಿಯಲಿಲ್ಲ.

‘ತಪ್ಪು ಹಿಡಿಯುವುದಕ್ಕೂ ಗಣಕಯಂತ್ರವೇ ಇದೆಯಲ್ಲ’ ಎಂದು ಕೆಲವರು ಹೇಳಬಹುದು. ಕನ್ನಡದ ಪುಟವನ್ನು ಒಮ್ಮೆ ಕಟ್ಟಿ ನೋಡಿದವರು ಹಾಗೆ ಹೇಳಲಾರರು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ದೊಡ್ಡ ಶೀರ್ಷಿಕೆಯಲ್ಲಿ ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಫೋನಿನಿಂದ ಯೂನಿಕೋಡಿನಲ್ಲಿ ಬಂದ ಬರಹವನ್ನು ಹಳೆಯ ಅಕ್ಷರಶೈಲಿಗೆ ಪರಿವರ್ತಿಸುವಾಗ ಅರ್ಕಾವತ್ತು ಒಂದು ಮನೆ ಆಚೆಗೆ ಹಾರುವುದುಂಟು. ನಮ್ಮ ಪದಗಳು ಉದ್ದ, ಕಾಲಂ ಕಿರಿದು. ಆದ್ದರಿಂದ ಪದವನ್ನು ಒಡೆಯಲೇಬೇಕು. ‘ಅಧಿಕಾರಿಗಳು ಒಪ್ಪಲಿಲ್ಲ’ ಎಂಬ ಮಾತನ್ನು ತೆಗೆದುಕೊಳ್ಳಿ. ಕಾಲಮಿನ ತಳದಲ್ಲಿ ‘ಒಪ್ಪಲಿ’ ಎಂದು ನಿಂತು, ‘ಲ್ಲ’ ಎಂಬುದು ಮುಂದಿನ ಕಾಲಮಿನ ತಲೆಗೆ ಹೋದರೆ ಓದುಗನು ಒಂದು ಕ್ಷಣ ತದ್ವಿರುದ್ಧವಾಗಿಯೇ ತಿಳಿಯುತ್ತಾನೆ. ಯಂತ್ರದ ಲೆಕ್ಕದಲ್ಲಿ ಅಲ್ಲಿ ತಪ್ಪೇ ಇಲ್ಲ. ಅಕ್ಷರ ಸರಿ, ಅಳತೆ ಸರಿ. ಬರದ ಸುದ್ದಿಯ ಮಗ್ಗುಲಿಗೆ ಈಜುಕೊಳದ ಜಾಹೀರಾತು ಕುಳಿತರೂ ಅದರ ಲೆಕ್ಕ ಸರಿಯೇ. ಅದು ಸರಿಯಲ್ಲವೆಂದು ಹೇಳಲು ಮನುಷ್ಯನೇ ಬೇಕು.

ಇನ್ನು ಕೆಲವರು, ‘ಈಗ ಪುಟವನ್ನು ಓದುವವರು ಯಾರು? ಎಲ್ಲರೂ ಫೋನಿನಲ್ಲೇ ಓದುತ್ತಾರೆ’ ಎಂದು ಹೇಳುತ್ತಾರೆ. ನಿಜ, ನಾನೂ ಓದುತ್ತೇನೆ. ಆದರೆ ಅಲ್ಲಿಯೂ ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನ ನಡೆದೇ ಇರುತ್ತದೆ. ವ್ಯತ್ಯಾಸವೇನೆಂದರೆ, ಫೋನಿನಲ್ಲಿ ನಾನು ನಿನ್ನೆ ಒತ್ತಿದ್ದನ್ನು ನೋಡಿ ಯಂತ್ರವು ಇಂದು ನನಗೆ ಬೇರೆ, ನನ್ನ ಗೆಳತಿಗೆ ಬೇರೆ ಬಡಿಸುತ್ತದೆ. ಪತ್ರಿಕೆಯ ಪುಟವಾದರೋ ಊರಿನ ಎಲ್ಲರಿಗೂ ಒಂದೇ. ಜಿಲ್ಲಾಧಿಕಾರಿಗಳ ಮೇಜಿನ ಮೇಲೂ ಕ್ಷೌರದಂಗಡಿಯ ಬೆಂಚಿನ ಮೇಲೂ ಅದೇ ಸುದ್ದಿ ನೆತ್ತಿಯ ಮೇಲಿರುತ್ತದೆ. ಜಗಳವಾಡುವುದಕ್ಕಾದರೂ ಎಲ್ಲರ ಮುಂದೆ ಒಂದೇ ಪುಟ ಇರಬೇಡವೇ?

ಪುಟಕ್ಕೆ ಮಾತಿಲ್ಲದೆಯೂ ಮಾತನಾಡುವ ಶಕ್ತಿ ಉಂಟು. 1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಸೆನ್ಸಾರು ಕುಳಿತಾಗ, ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಬರೆದಿದ್ದರೆ ಹೊಡೆದುಹಾಕಬಹುದಿತ್ತು, ಬರೆಯದ ಜಾಗವನ್ನು ಹೊಡೆದುಹಾಕುವುದು ಹೇಗೆ? 2020ರ ಮೇ 24ರಂದು, ಕೊರೊನಾದಿಂದ ಸತ್ತವರ ಸಂಖ್ಯೆ ಅಮೆರಿಕದಲ್ಲಿ ಒಂದು ಲಕ್ಷವನ್ನು ಸಮೀಪಿಸುತ್ತಿದ್ದಾಗ, ‘ನ್ಯೂಯಾರ್ಕ್ ಟೈಮ್ಸ್’ ತನ್ನ ಮುಖಪುಟದಲ್ಲಿ ಒಂದು ಚಿತ್ರವನ್ನೂ ಹಾಕದೆ ಸತ್ತವರ ಹೆಸರುಗಳನ್ನೇ ಸಾಲುಸಾಲಾಗಿ ತುಂಬಿತು. ಇನ್ನೊಂದು ಕಡೆ ನೋಡಿ: ‘ದಿ ಹಿಂದೂ’ 1958ರಲ್ಲಿಯೂ ಲಂಡನ್ನಿನ ‘ಟೈಮ್ಸ್’ 1966ರಲ್ಲಿಯೂ ಮುಖಪುಟದಿಂದ ಜಾಹೀರಾತುಗಳನ್ನು ಸರಿಸಿ ಸುದ್ದಿಗೆ ಆ ಜಾಗವನ್ನು ಕೊಟ್ಟುವು. ಇಂದು ಹಬ್ಬ ಬಂತೆಂದರೆ ಮುಖಪುಟದ ಮೇಲೆ ಜಾಹೀರಾತಿನದೇ ಇನ್ನೊಂದು ಮುಖಪುಟ ಅಂಗಿಯಂತೆ ಹೊದ್ದುಕೊಂಡು ಬರುತ್ತದೆ. ಇವೆಲ್ಲ ಪುಟ ಕಟ್ಟುವುದಕ್ಕೆ ಸಂಬಂಧಪಟ್ಟ ತೀರ್ಮಾನಗಳೇ. ಪತ್ರಿಕೆಯ ಮನಸ್ಸು ಎಲ್ಲಿದೆಯೆಂದು ತಿಳಿಯಲು ಅದರ ಸಂಪಾದಕೀಯವನ್ನು ಓದಿದರೆ ಸಾಲದು. ಅದರ ಪುಟವನ್ನೂ ಓದಬೇಕು.

ಇಷ್ಟೊಂದು ತೂಕದ ಕೆಲಸ ಮಾಡುವವರಿಗೆ ನಾವು ಕೊಟ್ಟ ಸ್ಥಾನ ಯಾವುದು? 1955ರಲ್ಲಿ ನಮ್ಮ ಸಂಸತ್ತು ಕಾರ್ಯನಿರತ ಪತ್ರಕರ್ತರ ಕಾಯಿದೆಯನ್ನು ಮಾಡಿದಾಗ ಪತ್ರಕರ್ತರೆಂದರೆ ಯಾರು ಯಾರೆಂದು ಅದರಲ್ಲಿ ಹೆಸರಿಸಿತು. ಸಂಪಾದಕ, ಉಪಸಂಪಾದಕ, ವರದಿಗಾರ, ವ್ಯಂಗ್ಯಚಿತ್ರಕಾರ, ಸುದ್ದಿ ಛಾಯಾಗ್ರಾಹಕ ಇವರೊಡನೆ ಕರಡು ತಿದ್ದುವವನ ಹೆಸರೂ ಅಲ್ಲಿತ್ತು. ಕರಡು ತಿದ್ದುವವನೂ ಪತ್ರಕರ್ತನೆಂದು ಒಪ್ಪಿದ ಆ ಹಿರಿಯರ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಪುಟ ಕಟ್ಟುವವನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆಗ ಅವನು ಸೀಸದ ಕಡೆಯ ಮನುಷ್ಯ. ಇಂದು ಕರಡು ತಿದ್ದುವವನ ಕೆಲಸವೂ ಉಪಸಂಪಾದಕನ ಅರ್ಧ ಕೆಲಸವೂ ಪುಟ ಕಟ್ಟುವವನ ಮೇಲೆ ಬಿದ್ದಿವೆ. ಆದರೆ ನಮ್ಮಂಥ ಸಣ್ಣ ಪತ್ರಿಕೆಗಳಲ್ಲಿ ಅವನನ್ನು ಕರೆಯುವುದು ‘ಆಪರೇಟರ್’ ಎಂದು. ಹೊಣೆ ಪತ್ರಕರ್ತನದು, ಹೆಸರು ಆಪರೇಟರನದು. ಇದು ನ್ಯಾಯವೇ? ಅವನಿಗೆ ಪತ್ರಕರ್ತನ ಹೆಸರನ್ನೂ ಶಿಕ್ಷಣವನ್ನೂ ಕೊಡಲಿ; ಅವನ ಪುಟವನ್ನು ಅಚ್ಚಿಗೆ ಹೋಗುವ ಮೊದಲು ಇನ್ನೊಬ್ಬರು ಓದಲಿ. ದೊಡ್ಡ ಬಂಡವಾಳವೇನೂ ಬೇಡ. ಇನ್ನೊಂದು ಜೊತೆ ಕಣ್ಣು ಸಾಕು.

ಪತ್ರಿಕೆಗಳ ಮಾಲೀಕರು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಓದುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ಓದುವವರಿಗೇ ಒಂದು ಸಲಹೆ ಮಾಡಿ ಮುಗಿಸುತ್ತೇನೆ. ನಿಮ್ಮ ಕೈಯಲ್ಲಿರುವ ಈ ಸಂಚಿಕೆಯ ಪುಟಗಳನ್ನು ಕಟ್ಟಿದವರು ನಾವಲ್ಲ. ಲೇಖನಗಳನ್ನು ಒಟ್ಟುಮಾಡಿ ಡಿ. ಟಿ. ಪಿ. ಅಂಗಡಿಗೆ ಕೊಡುವುದು ರೂಢಿ. ಅಲ್ಲಿಯವರು ಮದುವೆಯ ಕರೆಯೋಲೆಗಳ ನಡುವೆ ಬಿಡುವು ಮಾಡಿಕೊಂಡು ನಮ್ಮ ಕವಿತೆಗಳನ್ನು ಕೂಡಿಸುತ್ತಾರೆ. ಹೋದ ವರ್ಷ ಒಬ್ಬ ಮಿತ್ರರ ಕವಿತೆಯ ಕೊನೆಯ ನಾಲ್ಕು ಸಾಲು ಪರೀಕ್ಷಾ ಫಲಿತಾಂಶದ ಪಟ್ಟಿಯ ಕೆಳಗೆ ಬಂದದ್ದನ್ನು ನೆನೆದು ನಾವೆಲ್ಲ ನಕ್ಕೆವು. ಬರೆದವರು ಮಾತ್ರ ನಗಲಿಲ್ಲ. ಬರುವ ವರ್ಷದಿಂದ ಈ ಕೆಲಸವನ್ನು ವಿದ್ಯಾರ್ಥಿಗಳಿಗೇ ಏಕೆ ಒಪ್ಪಿಸಬಾರದು? ಕಾಲೇಜಿನಲ್ಲಿ ಗಣಕಯಂತ್ರದ ಕೊಠಡಿ ಇದೆ. ‘ಸ್ಕ್ರೈಬಸ್’ನಂಥ ತಂತ್ರಾಂಶ ಹಣವಿಲ್ಲದೆಯೇ ದೊರೆಯುತ್ತದೆ. ಪ್ರತಿ ಪುಟವನ್ನು ಒಬ್ಬರು ಕಟ್ಟಲಿ, ಇಬ್ಬರು ಓದಲಿ, ಅನುಮಾನವಿದ್ದ ಕಡೆ ಕನ್ನಡ ವಿಭಾಗದ ಗುರುಗಳು ನೋಡಲಿ. ಕೊನೆಯ ಪುಟದಲ್ಲಿ ಸಂಪಾದಕ ಸಮಿತಿಯ ಹೆಸರುಗಳ ಕೆಳಗೆ ಪುಟ ಕಟ್ಟಿದವರ ಹೆಸರುಗಳೂ ಇರಲಿ. ಯಾವ ಲೇಖನವನ್ನು ಮೊದಲಿಡಬೇಕು, ಯಾವುದನ್ನು ಕತ್ತರಿಸಬೇಕು, ಕತ್ತರಿಸುವ ಮೊದಲು ಯಾರನ್ನು ಕೇಳಬೇಕು ಎಂದು ಹತ್ತು ಜನ ಕೂತು ವಾದಿಸಿದರೆ, ಅದಕ್ಕಿಂತ ಒಳ್ಳೆಯ ಪತ್ರಿಕೋದ್ಯಮದ ಪಾಠ ಬೇರೆ ಇರಲಾರದು.

ನಾನು ಅಷ್ಟರಲ್ಲಿ ಈ ಕಾಲೇಜನ್ನು ಬಿಟ್ಟಿರುತ್ತೇನೆ. ಆದರೂ ಆ ಸಂಚಿಕೆಯ ಕರಡು ಓದಲು ಕರೆದರೆ ಸಂಜೆ ಐದರ ಒಳಗೆ ಯಾವಾಗ ಬೇಕಾದರೂ ಬರುತ್ತೇನೆ. ಇನ್ನೊಂದು ಜೊತೆ ಕಣ್ಣು ಬೇಕಾದರೆ ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ದೃಷ್ಟಿ ಸ್ವಲ್ಪ ಮಂದ, ಆದರೆ ತಪ್ಪು ಮಾತ್ರ ತಪ್ಪದೆ ಕಾಣುತ್ತದೆ.